ಕಳ್ಳ ಚಿಗುರು

"ಗುರುಗಳೇ, ನೀವು ಹೇಳಿದರೆ ಜನರೊಳಗೆ ಇಳಿಯುವ ಮಾತು ನಾನು ಹೇಳಿದರೆ ಯಾಕೆ ಇಳಿಯುವುದಿಲ್ಲ?"

ಕೇಳಿದವನು ಮಡಿವಾಳಯ್ಯ. ಗುರುಗಳ ಹತ್ತಿರ ಹನ್ನೆರಡು ವರ್ಷ ಇದ್ದವನು. ಮೂರು ವರ್ಷದ ಹಿಂದೆ ಗುರುಗಳು ಅವನನ್ನು ಎರಡು ದಿನದ ದಾರಿಯ ಒಂದು ಊರಿಗೆ ಕಳಿಸಿ, ಅಲ್ಲಿಯ ಸಣ್ಣ ಆಶ್ರಮದ ಕೀಲಿಕೈ ಕೊಟ್ಟಿದ್ದರು. ಈಗ ಆ ಕೀಲಿಕೈಯನ್ನು ಅವರ ಮುಂದಿನ ಚಾಪೆಯ ಮೇಲೆ ಇಟ್ಟು ಕೂತಿದ್ದ.

ಗುರುಗಳ ಪ್ರವಚನಗಳೆಲ್ಲ ಅವನಿಗೆ ಬಾಯಿಪಾಠ. ಅವರು ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ನಗುತ್ತಾರೆ ಎನ್ನುವುದನ್ನೂ ಬರೆದಿಟ್ಟುಕೊಂಡಿದ್ದ. ಅವನ ಪುಸ್ತಕದಲ್ಲಿ ಇಲ್ಲದ್ದು ಒಂದೇ ಸಂಗತಿ. ಬಂದ ಮೊದಲ ವರ್ಷ, ನೀವು ಶುರುವಿನಲ್ಲಿ ಹೇಗಿದ್ದಿರಿ ಎಂದು ಗುರುಗಳನ್ನು ಕೇಳಿದ್ದ. ಅದೆಲ್ಲ ಕಸ, ಅದನ್ನು ಕಟ್ಟಿಕೊಂಡು ನಿನಗೇನಾಗಬೇಕು ಎಂದು ಅವರು ಎದ್ದು ಹೋಗಿದ್ದರು. ಅವನು ಮತ್ತೆ ಕೇಳಿರಲಿಲ್ಲ.

ಹೊಸ ಊರಿನಲ್ಲಿ ಅವನು ಆ ಪ್ರವಚನಗಳನ್ನೇ ಹೇಳಿದ. ಮೊದಲ ತಿಂಗಳು ಅಂಗಳ ಹಿಡಿಸದಷ್ಟು ಜನ. ತಲೆದೂಗಿದರು, ಕಣ್ಣೊರೆಸಿಕೊಂಡರು. ಮಡಿವಾಳಯ್ಯ ಹಿಗ್ಗಿದ. ಆಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಈ ಬೇಸಗೆಯಲ್ಲಿ ಅದೇ ಊರಿನ ಅಣ್ಣ ತಮ್ಮ ಬಾವಿಯ ನೀರಿಗಾಗಿ ಹೊಡೆದಾಡಿದರು, ತಮ್ಮನ ಕೈ ಮುರಿಯಿತು. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡವರೇ. ಮಡಿವಾಳಯ್ಯ ಅಣ್ಣನ ಮನೆಗೆ ಹೋಗಿ, ಕ್ಷಮೆಯ ಬಗ್ಗೆ ಗುರುಗಳು ಆಡಿದ ಮಾತುಗಳಲ್ಲೇ ಅತ್ಯುತ್ತಮವಾದದ್ದನ್ನು ಹೇಳಿದ. ಅಣ್ಣ ಕೈಮುಗಿದು, ಬಹಳ ಚೆನ್ನಾಗಿ ಹೇಳಿದಿರಿ ಸ್ವಾಮಿ ಎಂದು ಬಾಗಿಲು ಹಾಕಿಕೊಂಡ.

ಇಷ್ಟನ್ನೂ ಹೇಳಿ ಮಡಿವಾಳಯ್ಯ ತಲೆ ತಗ್ಗಿಸಿದ. ತನ್ನ ಕೈಗುಣವೇ ಸರಿಯಿಲ್ಲ, ಕೀಲಿಕೈಯನ್ನು ಬೇರೆಯವರಿಗೆ ಕೊಡಿ, ತಾನು ಇಲ್ಲೇ ದನ ನೋಡಿಕೊಂಡು ಇದ್ದುಬಿಡುತ್ತೇನೆ ಎಂದ.

ದನ ನೋಡಿಕೊಳ್ಳುವುದು ಸುಲಭವೆಂದು ನಿನಗೆ ಯಾರು ಹೇಳಿದರು ಎಂದರು ಗುರುಗಳು. ಕೀಲಿಕೈಯನ್ನು ಅವರು ಮುಟ್ಟಲಿಲ್ಲ. ಅವನಿಗೆ ಒಂದು ಚೊಂಬು ಮಜ್ಜಿಗೆ ತರಿಸಿ, ಕುಡಿದು ಮುಗಿಸುವ ತನಕ ಕಾದರು. ಅವನು ಎರಡು ದಿನ ನಡೆದು ಬಂದಿದ್ದ. ಪಾದಗಳು ಒಡೆದಿದ್ದವು. ಅದನ್ನು ನೋಡಿ ಗುರುಗಳಿಗೆ ಸಂಕಟವಾಯಿತು.

"ಕೈಗುಣ ಎಂದೆಯಲ್ಲ" ಎಂದರು. "ಕೈಗುಣ ಹೋಯಿತೆಂದು ಅತ್ತ ಒಬ್ಬ ಹೆಂಗಸಿನ ಕತೆ ಇದೆ. ಕೇಳು."

ಒಂದು ದೊಡ್ಡ ಹೊಳೆ. ಅದರ ದಡದಲ್ಲಿ ಅಂಬಿಗರ ಊರು. ಆ ಊರಿನವರು ದೋಣಿ ಕಟ್ಟುವುದಕ್ಕೆ ಒಂದೇ ಜಾತಿಯ ಮರ ಬಳಸುತ್ತಿದ್ದರು. ಪಂಡಿತರು ಅದಕ್ಕೆ ಏನು ಹೆಸರಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ಅಂಬಿಗರು ದೋಣಿಮರ ಎನ್ನುತ್ತಿದ್ದರು. ವರ್ಷಗಟ್ಟಲೆ ನೀರಿನಲ್ಲಿದ್ದರೂ ಕೊಳೆಯದ ಮರ. ಅಜ್ಜಂದಿರು ಕಡಿದರು, ಅಪ್ಪಂದಿರು ಕಡಿದರು. ನೆಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ದಡದ ಮೇಲೆ ಒಂದೇ ಮರ ಉಳಿಯಿತು. ಆಗ ಊರಿಗೆ ಎಚ್ಚರವಾಯಿತು. ಎಲ್ಲರೂ ಸೇರಿ ಹೊಳೆಯ ನೀರು ಮುಟ್ಟಿ ಆಣೆ ಮಾಡಿದರು. ಇನ್ನು ಮೇಲೆ ಈ ಮರಕ್ಕೆ ಕಬ್ಬಿಣ ತಾಗಿಸಕೂಡದು.

ಆಣೆ ಮಾಡುವುದು ಅರ್ಧ ಗಳಿಗೆಯ ಕೆಲಸ. ಮರ ನೋಡಿಕೊಳ್ಳುವುದು ಜನ್ಮದ ಕೆಲಸ. ಅದು ದೋಣಿ ಕಟ್ಟುವ ಒಬ್ಬ ಬಡಗಿಯ ಪಾಲಿಗೆ ಬಂತು. ಅವನ ಅಜ್ಜನ ಕೊಡಲಿಗೆ ಬಿದ್ದ ಮರಗಳೇ ಹೆಚ್ಚು. ಅದಕ್ಕೇ ಇರಬೇಕು, ಅವನು ಆ ಒಂದು ಮರವನ್ನು ಹೆತ್ತ ತಾಯಿಯ ಹಾಗೆ ನೋಡಿಕೊಂಡ. ಕೊಡಲಿಯನ್ನು ಜಂತಿಗೆ ಸಿಕ್ಕಿಸಿಟ್ಟ. ಮರವಿಲ್ಲದ ಮೇಲೆ ಹೊಸ ದೋಣಿ ಎಲ್ಲಿಯದು? ಹಳೆಯ ದೋಣಿಗಳಿಗೆ ತೇಪೆ ಹಾಕುತ್ತಲೇ ಮುದುಕನಾದ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮರದಿಂದ ಯಾರಿಗಾದರೂ ಏನಾದರೂ ಕೊಡುವುದಾದರೆ ತುದಿಯ ಹೂ ಬಿಟ್ಟ ಕೊಂಬೆಯನ್ನೇ, ಆ ಹೂಗೊಂಬೆಯನ್ನೇ ಕೊಡಬೇಕು, ಅದೂ ಕೈಯಿಂದಲೇ ಮುರಿದು. ಮದುವೆಯ ಹೆಣ್ಣಿಗೆ, ಬಾಣಂತಿಗೆ, ತೇಪೆ ಹಾಕಿಸಿಕೊಂಡು ನೀರಿಗಿಳಿಯುವ ದೋಣಿಯ ಮೂತಿಗೆ, ಎಲ್ಲಕ್ಕೂ ತುದಿಯದೇ. ಕೆಳಗಿನದನ್ನು ಕೊಟ್ಟರೆ ಕೊಟ್ಟವನಿಗೂ ಅವಮಾನ, ಇಸಿದುಕೊಂಡವನಿಗೂ ಅವಮಾನ. ಹೀಗಾಗಿ ಆ ಇಳಿವಯಸ್ಸಿನಲ್ಲೂ ಮುದುಕ ಮರ ಹತ್ತುತ್ತಿದ್ದ.

ಬುಡದ ಕತೆಯೇ ಬೇರೆ. ದೋಣಿಗಳ ಹಗ್ಗವನ್ನು ಆ ಮರದ ಬುಡಕ್ಕೇ ಕಟ್ಟುತ್ತಿದ್ದರು. ಹಗ್ಗ ತಿಕ್ಕಿ ತಿಕ್ಕಿ ಸಿಪ್ಪೆ ಸುಲಿದಿತ್ತು. ಆ ಗಾಯದಿಂದ ಆಗಾಗ ನಾಲ್ಕಾರು ಚಿಗುರು ಏಳುತ್ತಿದ್ದವು. ಮೇಲಿನ ಎಲೆ ಸಣ್ಣದು, ನುಣುಪು. ಇವುಗಳ ಎಲೆ ಅಗಲ, ಅಂಚೆಲ್ಲ ಗರಗಸ, ಮುಟ್ಟಿದರೆ ಒರಟು. ಮುದುಕ ಅವನ್ನು ಕಳ್ಳ ಚಿಗುರು ಎನ್ನುತ್ತಿದ್ದ. ಎಲ್ಲಿಂದಲೋ ಬಂದು ಮರಕ್ಕೆ ಅಂಟಿಕೊಂಡ ಗಿಡವೆಂದೇ ಅವನ ನಂಬಿಕೆ. ದಿನಾ ಮುಂಜಾನೆ ಅವನ್ನು ಕಿತ್ತು ಕೆಳಗಿನ ಮರಳಿಗೆ ಎಸೆದು, ಬುಡಕ್ಕೆ ನೀರು ಹಾಕಿ ವಿಭೂತಿ ಹಚ್ಚುತ್ತಿದ್ದ.

ಇಲ್ಲಿಗೆ ಬಂದಾಗ ಗುರುಗಳು ಚಾಪೆಯ ಮೇಲಿನ ಕೀಲಿಕೈಯತ್ತ ನೋಡಿದರು. ಮೊಣಕಾಲು ಸವರಿಕೊಂಡರು. ಆಮೇಲೆ ಮುಂದುವರಿಸಿದರು.

ಮರಕ್ಕೆ ಎರಡು ಕಷ್ಟ ಬಂತು. ಜೊತೆಗೆ ತನ್ನ ಜಾತಿಯ ಇನ್ನೊಂದು ಮರವಿಲ್ಲದೆ ಅದರ ಕಾಯಿಯೆಲ್ಲ ಜೊಳ್ಳು. ನೂರು ಬಿತ್ತಿದರೂ ಒಂದು ಮೊಳೆಯಲಿಲ್ಲ. ಅದರ ಮೇಲೆ ಹೊಳೆ ದಿಕ್ಕು ಬದಲಿಸಿ ದಡ ಕೊರೆಯತೊಡಗಿತು. ಮರಕ್ಕೂ ನೀರಿಗೂ ನಡುವೆ ಹತ್ತು ಮಾರು ನೆಲವಿದ್ದದ್ದು ಐದು ಮಾರಿಗೆ ಬಂತು. ಮರ ಬಿದ್ದರೆ ಆ ಜಾತಿಯೇ ಹೋಯಿತು. ಜಾತಿ ಹೋದರೆ ದೋಣಿ ಇಲ್ಲ, ದೋಣಿ ಇಲ್ಲದ ಮೇಲೆ ಅಂಬಿಗರಿಲ್ಲ. ಮುದುಕನಿಗೆ ಊಟ ಸೇರದಾಯಿತು.

ಎರಡು ಊರಿನಾಚೆ ಸಸಿ ಬೆಳೆಸುವ ಒಬ್ಬ ಹೆಂಗಸಿದ್ದಳು. ಅವಳ ಕೈಗುಣ ದೊಡ್ಡದು. ಊರುಗೋಲು ನೆಟ್ಟರೂ ಚಿಗುರುತ್ತದೆ ಎಂದು ಜನ ತಮಾಷೆಗೆ ಹೇಳುತ್ತಿದ್ದರು. ಸುತ್ತಲ ಊರುಗಳಲ್ಲಿ ಯಾರೇ ಮನೆ ಕಟ್ಟಿದರೂ ಅಂಗಳದ ಮೊದಲ ಗಿಡ ಅವಳೇ ನೆಡಬೇಕು. ಅವಳಿಗೆ ಬೀಜವೇ ಬೇಕೆಂದಿರಲಿಲ್ಲ. ಕೊಂಬೆಯ ಒಂದು ತುಂಡು ಸಿಕ್ಕರೆ ಸಾಕು, ಅದರಿಂದಲೇ ಬೇರು ಬರಿಸುತ್ತಿದ್ದಳು. ಮುದುಕ ಅವಳ ಬಾಗಿಲಿಗೆ ಹೋಗಿ ಕೈಮುಗಿದ. ಅವಳು ಒಪ್ಪಿಕೊಂಡಳು.

ಮುದುಕ ಮರ ಹತ್ತಿ ತುತ್ತತುದಿಯ ಹೂಗೊಂಬೆಗಳನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಕೊಡುವ ಹಾಗೆ ಅವಳ ಕೈಗೆ ಕೊಟ್ಟ. ಅವನ ಹತ್ತಿರ ಇದ್ದದ್ದರಲ್ಲಿ ಅದಕ್ಕಿಂತ ಒಳ್ಳೆಯದು ಯಾವುದೂ ಇರಲಿಲ್ಲ. ಅವನನ್ನು ಬೈಯುವ ಹಾಗಿಲ್ಲ.

ಅವಳೂ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಪ್ರತಿ ತುಂಡನ್ನೂ ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದಳು. ಎಲೆಗಳನ್ನು ಅರ್ಧ ಕತ್ತರಿಸಿದಳು. ಕೊಯ್ದ ಬಾಯಿಗೆ ಜೇನುತುಪ್ಪ ಸವರಿ, ತೊಳೆದ ಮರಳಿನ ಮಡಿಯಲ್ಲಿ ಊರಿ, ಮೇಲೆ ಗಡಿಗೆ ಬೋರಲು ಹಾಕಿದಳು. ಬೇರು ಬಂತೇ ಎಂದು ಎರಡು ದಿನಕ್ಕೊಮ್ಮೆ ಕಿತ್ತು ನೋಡುವ ಚಟ ಅವಳಿಗಿರಲಿಲ್ಲ. ನಿನಗಿದೆ, ಇರಲಿ.

ಇಪ್ಪತ್ತು ದಿನಕ್ಕೆ ತುಂಡುಗಳು ಚಿಗುರಿದವು. ಒಂದು ತಿಂಗಳಿಗೆ ಗೇಣುದ್ದದ ಕಡ್ಡಿಗಳು ಹೂವನ್ನೇ ಬಿಟ್ಟವು. ಅಂಬಿಗರ ಇಡೀ ಊರೇ ನೋಡಲು ಬಂತು. ಹೆಂಗಸರು ಮಡಿಗೆ ಅರಿಸಿನ ಕುಂಕುಮ ಹಾಕಿದರು. ಮುದುಕ ಅತ್ತುಬಿಟ್ಟ. ಮತ್ತೆ ಹದಿನೈದು ದಿನಕ್ಕೆ ಹೂ ಉದುರಿತು, ಚಿಗುರು ಬಾಡಿತು. ಅವಳು ಕಿತ್ತು ನೋಡಿದಳು. ತಳ ಕಪ್ಪಾಗಿತ್ತು. ಒಂದೇ ಒಂದು ಬೇರಿರಲಿಲ್ಲ.

ಕೊಂಬೆ ಮರದಿಂದ ಬರುವಾಗ ಬುತ್ತಿ ಕಟ್ಟಿಕೊಂಡು ಬಂದಿರುತ್ತದೆ, ಮಡಿವಾಳಯ್ಯ. ಆ ಬುತ್ತಿ ತೀರುವ ತನಕ ಚಿಗುರುತ್ತದೆ, ಹೂವನ್ನೂ ಬಿಡುತ್ತದೆ. ನೋಡುವವರಿಗೆ ಅದೇ ಸಂತೋಷ. ತನ್ನ ಅನ್ನವನ್ನು ತಾನು ದುಡಿಯಲು ಬೇರು ಬೇಕು.

ಎರಡನೆಯ ವರ್ಷವೂ ಹಾಗೇ ಆಯಿತು. ಮೂರನೆಯ ವರ್ಷವೂ ಹಾಗೇ. ಜೇನುತುಪ್ಪ ಬಿಟ್ಟು ಸಗಣಿ ಹಚ್ಚಿದಳು, ಮರಳು ಬಿಟ್ಟು ತೆಂಗಿನ ನಾರಿನ ಪುಡಿ ಹಾಕಿದಳು. ಪ್ರತಿ ಸಲವೂ ಹೂ ಬಂತು, ಪ್ರತಿ ಸಲವೂ ತಳ ಕಪ್ಪಾಯಿತು. ದಡ ಮೂರು ಮಾರಿಗೆ ಬಂತು.

ಜನ ಕೆಟ್ಟವರಲ್ಲ, ಆದರೆ ಮಾತಾಡುತ್ತಾರೆ. ಅವಳ ಕೈಗುಣ ಹೋಯಿತಂತೆ ಎಂದರು. ಅವಳ ಪಕ್ಕದ ಮನೆಯವರೇ ಹೊಸ ಮನೆ ಕಟ್ಟಿ, ಅಂಗಳದ ಗಿಡ ನೆಡಲು ಬೇರೆ ಊರಿನಿಂದ ಯಾರನ್ನೋ ಕರೆಸಿದರು. ಅವಳು ಒಳಗೆ ಕೂತು ಅದನ್ನು ಕೇಳಿಸಿಕೊಂಡಳು. ಆ ದಿನ ತನ್ನ ಸಸಿಗಳಿಗೆ ನೀರು ಹಾಕಲು ಹೋಗಿ ಕೈ ಹಿಂದೆ ತೆಗೆದಳು. ತಾನು ಮುಟ್ಟಿದರೆ ಸತ್ತುಹೋಗುತ್ತವೆ ಎಂದು ಅವಳಿಗೂ ಅನಿಸಿಬಿಟ್ಟಿತ್ತು. ಬೇರೆಯವರು ಆಡಿದ ಮಾತನ್ನು ತಡೆದುಕೊಳ್ಳಬಹುದು. ಅದನ್ನು ನಾವೇ ನಂಬಿದ ದಿನ ಕಷ್ಟ.

ಮರುದಿನ ಅವಳು ಮುದುಕ ಹೂಗೊಂಬೆ ಸುತ್ತಿಕೊಟ್ಟಿದ್ದ ಬಟ್ಟೆಯನ್ನು ಒಗೆದು ಮಡಿಸಿಕೊಂಡು ಹೊಳೆಯ ದಡಕ್ಕೆ ಹೋದಳು. ಬಟ್ಟೆ ವಾಪಸು ಕೊಟ್ಟು, ನನ್ನಿಂದಾಗದು ಎಂದು ಹೇಳಿ ಬರುವುದು ಅವಳ ಉದ್ದೇಶ. ಮುದುಕ ಹೊಳೆಯಲ್ಲಿ ಮೀಯುತ್ತಿದ್ದ. ಅವಳು ಮರದ ಕೆಳಗಿನ ಮರಳಿನಲ್ಲಿ ಕೂತಳು. ಮುದುಕ ದಿನಾ ಕಳ್ಳ ಚಿಗುರು ಕಿತ್ತು ಎಸೆಯುತ್ತಿದ್ದ ಜಾಗ ಅದು. ಒಣಗಿದ್ದು, ಕೊಳೆತದ್ದು ಗುಡ್ಡೆಯಾಗಿ ಬಿದ್ದಿತ್ತು. ನಡುವೆ ಒಂದು ಮಾತ್ರ ನೆಟ್ಟಗೆ ನಿಂತಿತ್ತು. ಎಸೆದಾಗ ತುದಿ ಮೇಲಾಗಿ ಒದ್ದೆ ಮರಳಿಗೆ ಚುಚ್ಚಿಕೊಂಡಿತ್ತೋ ಏನೋ. ಅವಳು ಸುಮ್ಮನೆ ಎರಡು ಬೆರಳಿನಲ್ಲಿ ಹಿಡಿದು ಎಳೆದಳು. ಅದು ಬರಲಿಲ್ಲ.

ಅವಳು ಮರಳು ಬಗೆದು ನೋಡಿದಳು. ಬೆಳ್ಳಗೆ ಶಾವಿಗೆಯಂಥ ಬೇರು, ಒಂದಲ್ಲ, ನಾಲ್ಕೈದು.

ಆಮೇಲೆ ಮರದ ಬುಡ ನೋಡಿದಳು. ಹಗ್ಗದ ಗಾಯ ನೋಡಿದಳು. ಆ ದಿನ ಬೆಳಿಗ್ಗೆ ಚಿಗುರು ಕಿತ್ತ ಹಸಿ ಗುರುತುಗಳು ಇನ್ನೂ ಒಸರುತ್ತಿದ್ದವು. ಹೂಗೊಂಬೆ ಕೊಯ್ದಾಗ ಬರುತ್ತಿದ್ದ ಅದೇ ಹಾಲು, ಅದೇ ವಾಸನೆ. ಮುದುಕ ಮೈ ಒರೆಸಿಕೊಳ್ಳುತ್ತ ಬಂದಾಗ ಅವಳು ಬೇರು ಬಿಟ್ಟ ಚಿಗುರನ್ನು ಅವನ ಮುಂದೆ ಹಿಡಿದಳು.

"ಇದು ನಮ್ಮ ಮರದ್ದಲ್ಲ ಬಿಡವ್ವಾ, ಕಳ್ಳ ಚಿಗರು" ಎಂದ ಮುದುಕ. "ಎಲಿ ನೋಡಿದ್ರ ತಿಳಿಯಂಗಿಲ್ಲೇನು?"

"ನಿಮ್ಮ ಮರದ್ದ ಐತಿ, ಅಜ್ಜಾ. ಮ್ಯಾಲ ಅದಕ್ಕ ವಯಸ್ಸಾಗೇತಿ, ಹೂ ಬಿಡೂದೊಂದ ಗೊತ್ತೈತಿ. ಬುಡದಾಗ ಅದು ಇನ್ನೂ ಕೂಸ ಐತಿ. ಬೇರು ಬಿಡೂದು ಕೂಸಿಗೆ ನೆನಪೈತಿ."

ಮುದುಕ ಆ ಒರಟು ಎಲೆಯನ್ನು ಮುಟ್ಟಿ ನೋಡಿದ. ಎಷ್ಟು ವರ್ಷದಿಂದ ಕಿತ್ತು ಎಸೆಯುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ, ಅರ್ಧಕ್ಕೇ ಬಿಟ್ಟುಬಿಟ್ಟ. ಆ ಲೆಕ್ಕ ಯಾವ ಮನುಷ್ಯನಿಂದಲೂ ಮುಗಿಯುವಂಥದ್ದಲ್ಲ. ಇನ್ನು ಮೇಲೆ ಒಂದನ್ನೂ ಕೀಳುವುದಿಲ್ಲ, ಸಾಕೇ ಎಂದು ಕೇಳಿದ. ಅವಳು ಸಾಲದು ಎಂದಳು. ಹಗ್ಗದ ಗಾಯಕ್ಕೆ ಬರುವುದು ನಾಲ್ಕಾರು ಚಿಗುರು, ಹೊಳೆ ಮರಕ್ಕೆ ಗಡುವು ಕೊಟ್ಟರೆ ಇನ್ನು ಎರಡು ಮಳೆಗಾಲ ಕೊಡಬಹುದು.

"ಕಡೀಬೇಕು ಅಂತೀಯೇನವ್ವಾ?"

"ಮೊಣಕಾಲಮಟ, ಅಜ್ಜಾ. ಮೋಟು ಮಾಡಿದ್ರ ಬುಡದ ತುಂಬ ಇಂಥಾವ ಏಳ್ತಾವು."

ಮುದುಕ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮರ ಬೀಳುತ್ತದೆಂಬ ದುಃಖ ಒಂದು ಕಡೆ. ಆಣೆ ಮುರಿಯಬೇಕಲ್ಲ ಎನ್ನುವುದು ಇನ್ನೊಂದು ಕಡೆ. ಇದೆರಡಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಮರದ ನೆರಳಿನಲ್ಲೇ ಊರು ಅವನಿಗೆ ಮರ್ಯಾದೆ ಕೊಡುತ್ತಿತ್ತು. ಮದುವೆಯ ಹೆಣ್ಣು ಅವನ ಕಾಲು ಮುಟ್ಟುತ್ತಿದ್ದದ್ದು ಹೂಗೊಂಬೆ ಕೊಡುವವನೆಂದು. ಮೋಟು ಬುಡದ ಪಕ್ಕ ನಿಂತ ಮುದುಕನ ಕಾಲನ್ನು ಯಾರು ಮುಟ್ಟುತ್ತಾರೆ?

ನಾಲ್ಕನೆಯ ದಿನ ಅವನು ಜಂತಿಯಿಂದ ಕೊಡಲಿ ಇಳಿಸಿದ. ಸಾಣೆ ಹಿಡಿಯಲು ಒಂದು ಹಗಲು ಬೇಕಾಯಿತು. ಊರವರು ಅಡ್ಡ ನಿಂತರು. ಬೇರು ಬಿಟ್ಟ ಆ ಕಡ್ಡಿಯನ್ನು ಅವರ ಮುಂದೆ ಇಟ್ಟು, ನಿಮ್ಮಲ್ಲಿ ಯಾರಿಗಾದರೂ ಬೇರೆ ದಾರಿ ಗೊತ್ತಿದ್ದರೆ ಹೇಳಿ ಎಂದ. ಯಾರೂ ಹೇಳಲಿಲ್ಲ. ಆದರೂ ಬೈದರು. ಒಬ್ಬ ಮಣ್ಣು ತೂರಿದ. ಮುದುಕ ಮರಕ್ಕೆ ಅಡ್ಡಬಿದ್ದು ಎದ್ದು, ಬೇರೆ ಯಾರ ಕೈಗೂ ಕೊಡಲಿ ಕೊಡದೆ, ನಿಂತು ನಿಂತು ದಣಿವಾರಿಸಿಕೊಂಡು ಎರಡು ದಿನ ತಾನೇ ಕಡಿದ.

ಒಂದು ತಿಂಗಳು ಬುಡ ಸುಮ್ಮನೆ ಇತ್ತು. ಆ ತಿಂಗಳನ್ನು ಮುದುಕ ಹೇಗೆ ಕಳೆದನೋ, ಕತೆ ಹೇಳಿದವರು ನನಗೆ ಹೇಳಲಿಲ್ಲ. ಆಮೇಲೆ ಮಳೆ ಬಿತ್ತು. ಸಿಪ್ಪೆ ಒಡೆದು ಚಿಗುರೆದ್ದವು. ಎಲ್ಲವೂ ಅಗಲ ಎಲೆಯವು, ಒರಟು, ಗರಗಸದ ಅಂಚಿನವು. ಕಿರುಬೆರಳಿನ ಗಾತ್ರಕ್ಕೆ ಬಂದಾಗ ಅವಳು ಕೊಯ್ದಳು. ಅದೇ ಓರೆ ಕೊಯ್ತ, ಅದೇ ಮರಳು, ಅದೇ ಗಡಿಗೆ, ಅದೇ ಕೈ. ನಲವತ್ತು ದಿನಕ್ಕೆ ಒಂದು ಚಿಗುರೂ ಹೂ ಬಿಡಲಿಲ್ಲ. ನೋಡಲು ಯಾರೂ ಬರಲಿಲ್ಲ, ನೋಡುವಂಥದ್ದೂ ಏನಿರಲಿಲ್ಲ. ನಲವತ್ತೊಂದನೆಯ ದಿನ ಅವಳು ಒಂದನ್ನು ಮೆಲ್ಲಗೆ ಎತ್ತಿದಳು. ಮರಳು ಉಂಡೆಗಟ್ಟಿ ಜೊತೆಗೇ ಬಂತು. ಬೇರು ಅದನ್ನು ಹಿಡಿದುಕೊಂಡಿತ್ತು. ಅವಳು ಅಲ್ಲೇ ಕೂತು ಮನಸಾರೆ ಅತ್ತಳು.

ಮುದುಕ ಆ ಮರದ ಕಾಂಡದಿಂದ ಒಂದು ದೋಣಿ ಕಟ್ಟಿದ. ಅವನು ಪೂರ್ತಿಯಾಗಿ ಕಟ್ಟಿದ ದೋಣಿ ಅದೊಂದೇ. ಸಸಿಗಳನ್ನು ಅದರಲ್ಲೇ ಹೇರಿಕೊಂಡು, ಹೊಳೆ ಮುಟ್ಟದ ಆಚೆ ದಡದ ಎತ್ತರದ ನೆಲಕ್ಕೆ ಒಯ್ದು ನೆಟ್ಟರು. ಮೊದಲ ಸಸಿಯನ್ನು ಅವಳ ಕೈಯಿಂದಲೇ ನೆಡಿಸಿದರು. ಎರಡನೆಯ ಮಳೆಗಾಲದಲ್ಲಿ ಈಚೆ ದಡ ಕುಸಿದು ಹಳೆಯ ಬುಡ ನೀರಿಗೆ ಹೋಯಿತು.

ಕತೆ ಅಷ್ಟೇ ಎಂದರು ಗುರುಗಳು.

ತಾನು ಆ ಊರಿಗೆ ಒಯ್ದ ಪ್ರವಚನಗಳೇ ಹೂಗೊಂಬೆ ಎನ್ನುವುದು ಮಡಿವಾಳಯ್ಯನಿಗೆ ಅರ್ಥವಾಗಿತ್ತು. ಅರ್ಥವಾದದ್ದರಿಂದ ಸಮಾಧಾನವೇನೂ ಆಗಲಿಲ್ಲ. ಆ ಹೆಂಗಸಿಗೆ ಮೂರು ವರ್ಷದಲ್ಲಿ ತಿಳಿದದ್ದು ತನಗೆ ಹದಿನೈದು ವರ್ಷವಾದರೂ ತಿಳಿಯಲಿಲ್ಲ, ಯಾವ ಕೊಂಬೆ ತೆಗೆದುಕೊಳ್ಳಬೇಕೆಂದು ತಾನೇ ನೋಡಿಕೊಳ್ಳಬೇಕಿತ್ತು ಎಂದ. ದನದ ಕೊಟ್ಟಿಗೆಯ ಕಡೆ ಹೋಗಲು ಎದ್ದು ನಿಂತ.

ಅವಳಿಗೆ ಬೇರೆ ಕೊಂಬೆಯನ್ನು ಯಾರೂ ತೋರಿಸಿಯೇ ಇರಲಿಲ್ಲವಲ್ಲ ಎಂದರು ಗುರುಗಳು. ಅವಳ ಕೈಯದು ಯಾವ ತಪ್ಪೂ ಇರಲಿಲ್ಲ.

ಮಡಿವಾಳಯ್ಯ ನಿಂತಲ್ಲೇ ತಿರುಗಿದ. "ಹಾಗಾದರೆ ತಪ್ಪು ಯಾರದು, ಗುರುಗಳೇ?"

ಗುರುಗಳು ಕೀಲಿಕೈಯನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟರು.

"ಹೂಗೊಂಬೆ ಮುರಿದು ಕೊಟ್ಟವನದು, ನನ್ನದು. ಕೂತುಕೋ ಮಡಿವಾಳಯ್ಯ. ನಾನು ಶುರುವಿನಲ್ಲಿ ಸೋತ ವರ್ಷಗಳನ್ನು ನಿನಗೆ ಇವತ್ತಿನವರೆಗೂ ಹೇಳಿಲ್ಲ."